ಮೋರಿ ಎಲ್ಲಿತ್ತು ಎಂದು ಮೊದಲು ಕೇಳಿ: ಉಡುಪಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಉಡುಪಿ ಜಿಲ್ಲೆ, ರಜತಾದ್ರಿ, ಮಣಿಪಾಲ.

ವಿಷಯ: ಹೊಸ ರಸ್ತೆ ಮಾಡುವಾಗ ನೀರಿಗೆ, ನಡೆಯುವವರಿಗೆ ಮತ್ತು ಬಸ್ಸಿಗೆ ಜಾಗ ಕೊಡುವ ಬಗ್ಗೆ.

ಮಾನ್ಯರೇ,

ನಾನು ಕಟಪಾಡಿ ಹತ್ತಿರದ ಒಂದು ಹಳ್ಳಿಯವಳು. ಉಡುಪಿಯಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುತ್ತೇನೆ. ಹತ್ತೊಂಬತ್ತು ವರ್ಷಗಳಿಂದ ಬಸ್ಸಿನಲ್ಲೇ ಹೋಗಿ ಬರುತ್ತಿದ್ದೇನೆ. ನಾನು ಇಂಜಿನಿಯರ್ ಅಲ್ಲ. ಆದರೆ ಮನೆಯಿಂದ ಹೆದ್ದಾರಿಯವರೆಗೆ ಒಂದು ಕಿಲೋಮೀಟರ್ ರಸ್ತೆ ಇದೆ. ಮಳೆ, ಬಿಸಿಲು ಎನ್ನದೆ ದಿನಕ್ಕೆ ಎರಡು ಸಲ ಅದರಲ್ಲಿ ನಡೆದಿದ್ದೇನೆ. ಆ ರಸ್ತೆಗೆ ಏನಾಯಿತು ಎಂದು ನಿಮಗೆ ಹೇಳಬೇಕು. ಹೇಳಿದ ಮೇಲೆ ಕೆಲವು ಕೋರಿಕೆಗಳಿವೆ.

ನಿಮಗೇ ಯಾಕೆ ಬರೆಯುತ್ತಿದ್ದೇನೆ ಎಂದರೆ, ರಸ್ತೆಗಳು ಬೇರೆ ಬೇರೆಯವರ ಕೈಯಲ್ಲಿವೆ. ಒಂದು ಪಂಚಾಯತಿನದು, ಒಂದು ಲೋಕೋಪಯೋಗಿ ಇಲಾಖೆಯದು, ಒಂದು ರಾಷ್ಟ್ರೀಯ ಹೆದ್ದಾರಿ. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಆದರೆ ಬಸ್ಸಿಗೆ ಪರ್ಮಿಟ್ ಕೊಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೂ, ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೂ ಅಧ್ಯಕ್ಷರು ನೀವೇ. ನೀರು, ಬಸ್ಸು, ನಡೆಯುವ ಜನ, ಈ ಮೂರನ್ನೂ ಒಟ್ಟಿಗೆ ನೋಡಬಹುದಾದ ಮೇಜು ಜಿಲ್ಲೆಯಲ್ಲಿ ನಿಮ್ಮದು ಒಂದೇ.

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಹೊಂಡ ಬಿದ್ದಿದ್ದ ನಮ್ಮ ಡಾಮರು ರಸ್ತೆಗೆ ಕಾಂಕ್ರೀಟ್ ಬಂತು. ಊರಿಗೆಲ್ಲ ಖುಷಿ. ಕೆಲಸದವರಿಗೆ ಮಜ್ಜಿಗೆ ಕೊಟ್ಟೆವು. ಯಂತ್ರ ನಿಲ್ಲಿಸಲು ನಮ್ಮ ಅಂಗಳ ಬಿಟ್ಟುಕೊಟ್ಟೆವು. ಅರ್ಧ ದಾರಿಯಲ್ಲಿ, ಹಲಸಿನ ಮರದ ಹತ್ತಿರ, ರಸ್ತೆಯ ಅಡಿಯಲ್ಲಿ ನೀರು ದಾಟಲು ಒಂದು ಹಳೇ ಮೋರಿ ಇತ್ತು. ಎರಡೂ ಕಡೆ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮೇಲೆ ಹಾಸುಗಲ್ಲು. ವರ್ಷದಲ್ಲಿ ಎಂಟು ತಿಂಗಳು ಅದರೊಳಗೆ ಒಣ ಎಲೆ ಬಿಟ್ಟರೆ ಏನೂ ಇರುತ್ತಿರಲಿಲ್ಲ. ನನ್ನ ಮಾವನಿಗೆ ಎಂಬತ್ತೆರಡು ವರ್ಷ. ಅವರು ಕೋಲೂರಿಕೊಂಡು ಹೋಗಿ ಮೇಸ್ತ್ರಿಗೆ ಹೇಳಿದರು: "ಮಾರಾಯ, ಆಟಿಯಲ್ಲಿ ಗುಡ್ಡೆಯ ನೀರೆಲ್ಲ ದಾಟುವುದು ಇಲ್ಲೇ. ಇದನ್ನು ಮುಚ್ಚಬೇಡ." ಆಟಿ ಎಂದರೆ ಜುಲೈ, ಆಗಸ್ಟ್ ಹೊತ್ತಿನ ತುಳು ತಿಂಗಳು. ಮೇಸ್ತ್ರಿ ಮರ್ಯಾದೆಯ ಮನುಷ್ಯ. ಕಾಗದ ಬಿಡಿಸಿ ನೋಡಿದರು. "ಅಜ್ಜ, ಎಸ್ಟಿಮೇಟಿನಲ್ಲಿ ಮೋರಿ ಇಲ್ಲ. ನಾವು ಹಾಕಿದರೆ ಬಿಲ್ ಆಗುವುದಿಲ್ಲ" ಎಂದರು.

ಮರುದಿನ ಹಾಸುಗಲ್ಲು ಎತ್ತಿದರು. ಮೋರಿಗೆ ಮಣ್ಣು, ಜಲ್ಲಿ ತುಂಬಿಸಿದರು. ಮೇಲೆ ಕಾಂಕ್ರೀಟ್ ಹಾಕಿದರು. ಹಳೇ ಡಾಮರು ಕೆರೆಯದೆ ಅದರ ಮೇಲೆಯೇ ಹಾಕಿದ್ದರಿಂದ ರಸ್ತೆ ಒಂದು ಗೇಣು ಎತ್ತರವಾಯಿತು. ನಮ್ಮ ಅಂಗಳ ತಗ್ಗಾಯಿತು.

ಜುಲೈಯಲ್ಲಿ ಮಾವ ಹೇಳಿದ ಹಾಗೇ ಆಯಿತು. ಗುಡ್ಡೆಯಿಂದ ಇಳಿದ ನೀರು ರಸ್ತೆಯ ಮೇಲಿನ ಬದಿಯಲ್ಲಿ ಕಟ್ಟಿ ನಿಂತಿತು. ಮೊದಲು ನಮ್ಮ ಅಂಗಳಕ್ಕೆ ಬಂತು. ಆಮೇಲೆ ಪಕ್ಕದ ಮನೆಯ ಬಾವಿಗೆ ಇಳಿಯಿತು. ಬಾವಿಯ ನೀರು ಎರಡು ವಾರ ಕೆಂಪಾಗಿಯೇ ಇತ್ತು. ಅಷ್ಟು ಮಳೆಯ ನಡುವೆ ನಾವು ಕುಡಿಯುವ ನೀರನ್ನು ಕೊಡದಲ್ಲಿ ಹೊತ್ತು ತಂದೆವು. ಕೊನೆಗೆ ನೀರು ರಸ್ತೆಯ ಮೇಲೇ ಹರಿಯಿತು. ಕೆಳಗಿನ ಬದಿಯ ಮಣ್ಣನ್ನು ಕೊಚ್ಚಿಕೊಂಡು ಹೋಯಿತು. ಕಾಂಕ್ರೀಟಿನ ಅಂಚಿನಲ್ಲಿ ಒಂದು ಅಡಿ ಆಳ ಬಿತ್ತು. ಎದುರಿಗೆ ರಿಕ್ಷಾ ಬಂತೆಂದು ಬದಿಗೆ ಸರಿದ ಸ್ಕೂಟರಿನವರು ಇಬ್ಬರು ಅಲ್ಲಿ ಬಿದ್ದರು. ಎರಡನೇ ಮಳೆಗಾಲಕ್ಕೆ ಕಾಂಕ್ರೀಟಿನ ಅಡಿಯಲ್ಲೇ ಟೊಳ್ಳಾಯಿತು. ಒಂದು ದಿನ ಕಲ್ಲಿನ ಲಾರಿ ಹೋದಾಗ ಅದು ಅಡ್ಡಕ್ಕೆ ಬಿರುಕು ಬಿಟ್ಟಿತು.

ಚೆನ್ನಾಗಿ ಮಾಡಿದ ಕಾಂಕ್ರೀಟ್ ರಸ್ತೆ ಮೂವತ್ತು ವರ್ಷ ಬರಬೇಕು. ನಮ್ಮದು ಎರಡು ವರ್ಷಕ್ಕೆ ಒಡೆಯಿತು. ಸಿಮೆಂಟ್ ಕಡಿಮೆ ಹಾಕಿದ್ದಾರೆ ಎಂದು ಊರಿನಲ್ಲಿ ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ನಾನು ದಿನಾ ನೋಡಿದ್ದೇನೆ, ಕೆಲಸ ಚೆನ್ನಾಗಿಯೇ ನಡೆದಿತ್ತು. ಎರಡು ವಾರ ತಪ್ಪದೆ ನೀರು ಹಾಕಿದ್ದರು. ಕೊರತೆ ಇದ್ದದ್ದು ಕಾಗದದಲ್ಲಿ. ಉದ್ದ ಎಷ್ಟು, ಅಗಲ ಎಷ್ಟು, ದಪ್ಪ ಎಷ್ಟು ಎಂದು ಬರೆದವರು ನೀರು ಎಲ್ಲಿ ದಾಟುತ್ತದೆ ಎಂದು ಬರೆಯಲಿಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಲೆಕ್ಕ ನನ್ನ ಕೆಲಸ, ಹಾಗಾಗಿ ಒಂದು ಲೆಕ್ಕ ಹಾಕಿದೆ. ಮೂರೂವರೆ ಮೀಟರ್ ಅಗಲದ ನಮ್ಮ ಒಂದು ಕಿಲೋಮೀಟರ್ ರಸ್ತೆಯ ಮೇಲೆ ಮಾತ್ರ ವರ್ಷಕ್ಕೆ 1.4 ಕೋಟಿ ಲೀಟರ್ ನೀರು ಬೀಳುತ್ತದೆ. 12,000 ಲೀಟರಿನ ಟ್ಯಾಂಕರಿನಲ್ಲಿ ತುಂಬಿಸಿದರೆ ಸಾವಿರಕ್ಕೂ ಜಾಸ್ತಿ ಟ್ಯಾಂಕರ್. ಗುಡ್ಡೆಯಿಂದ ಇಳಿದು ಬರುವ ನೀರು ಈ ಲೆಕ್ಕದಲ್ಲಿ ಇಲ್ಲ. ಮೊದಲು ಇದರಲ್ಲಿ ಒಂದಿಷ್ಟು ಮುರ ಮಣ್ಣಿನಲ್ಲಿ ಇಂಗುತ್ತಿತ್ತು, ಬಾವಿಗೆ ಸೇರುತ್ತಿತ್ತು. ಕಾಂಕ್ರೀಟಿನಲ್ಲಿ ಒಂದು ಹನಿಯೂ ಇಂಗುವುದಿಲ್ಲ. ಹಾಗಿದ್ದ ಮೇಲೆ ಕಾಂಕ್ರೀಟ್ ಹಾಕಿದ ಕಡೆ ಚರಂಡಿ, ಮೋರಿ, ಇಂಗುಗುಂಡಿ ಮೊದಲಿಗಿಂತ ಜಾಸ್ತಿ ಬೇಕು, ಅಲ್ವಾ? ನಮ್ಮಲ್ಲಿ ಇದ್ದ ಒಂದು ಮೋರಿಯೂ ಹೋಯಿತು.

ಡಾಮರಿನ ಕಥೆಯೂ ಬೇರೆ ಅಲ್ಲ. ನಿಂತ ನೀರು ಡಾಮರು ಮತ್ತು ಜಲ್ಲಿಯ ಹಿಡಿತ ಬಿಡಿಸುತ್ತದೆ. ಮೇಲೆ ಚಕ್ರ ಹೋದಾಗ ಜಲ್ಲಿ ಏಳುತ್ತದೆ. ಅಲ್ಲಿಂದ ಹೊಂಡ ಶುರು. ರಸ್ತೆಯ ನಡುಭಾಗ ಅಂಚಿಗಿಂತ ನೂರಕ್ಕೆ ಎರಡು, ಎರಡೂವರೆಯಷ್ಟು ಎತ್ತರ ಇದ್ದು ಇಳಿಜಾರಾಗಿರಬೇಕು. ನಮ್ಮ ರಸ್ತೆಯ ಅಗಲಕ್ಕೆ ಅದು ಮೂರೂವರೆ, ನಾಲ್ಕು ಸೆಂಟಿಮೀಟರ್ ಅಷ್ಟೇ. ಕೈಬೆರಳಲ್ಲಿ ಅಳೆಯುವಷ್ಟು. ಅಷ್ಟು ತಪ್ಪಿದರೂ ನೀರು ನಿಲ್ಲುತ್ತದೆ.

ಊರಿನ ಹಿರಿಯರಿಗೆ ಇದೆಲ್ಲ ಗೊತ್ತಿತ್ತು. ನಮ್ಮ ಜಾಗಗಳ ಹೆಸರಿನಲ್ಲೇ ನೀರು ಇದೆ. ಉಡುಪಿಯ ಕಲ್ಸಂಕ ಎಂದರೆ ಕಲ್ಲಿನ ಸಂಕ, ಕಲ್ಲಿನ ಸೇತುವೆ. ಅಲ್ಲೇ ಇಂದ್ರಾಣಿ ತೋಡು (ಹಳ್ಳ) ಹರಿಯುತ್ತದೆ. 2020ರ ಸೆಪ್ಟೆಂಬರ್ 20ರಂದು ನೆರೆ ಬಂದಾಗ ಕಲ್ಸಂಕದ ಸುತ್ತ ಎಷ್ಟು ನೀರು ನಿಂತಿತ್ತು ಎಂದು ಉಡುಪಿಯವರಿಗೆ ನೆನಪಿದೆ. ತೋಡು ತನ್ನ ಜಾಗಕ್ಕೆ ಬಂದಿತ್ತು. ನಾವು ಆ ಜಾಗದಲ್ಲಿ ಬೇರೆ ಏನೇನೋ ಮಾಡಿಕೊಂಡಿದ್ದೆವು.

ಆದ್ದರಿಂದ ನನ್ನ ಮೊದಲ ಕೋರಿಕೆ ಇದು. ರಸ್ತೆಯ ಸರ್ವೆಯನ್ನು ಮಳೆಗಾಲದಲ್ಲೇ ಮಾಡಿಸಿ. ಡಿಸೆಂಬರ್, ಜನವರಿಯಲ್ಲಿ ಬಂದು ನೋಡಿದವರಿಗೆ ಮೋರಿ ಎಂದರೆ ಒಣ ಗುಂಡಿ. ಜುಲೈಯಲ್ಲಿ ಒಂದು ದಿನ ಇಂಜಿನಿಯರ್ ಛತ್ರಿ ಹಿಡಿದು ಬರಲಿ. ಜೊತೆಗೆ ಊರಿನ ಇಬ್ಬರು ಹಿರಿಯರು, ಪಂಚಾಯತ್ ಸದಸ್ಯರು ಇರಲಿ. ನೀರು ದಾಟುವ ಪ್ರತಿ ಜಾಗಕ್ಕೂ ಗುರುತು ಹಾಕಲಿ. ಆ ಗುರುತುಗಳು ಎಸ್ಟಿಮೇಟಿನಲ್ಲಿ ಬರದೆ ಟೆಂಡರ್ ಕರೆಯಬಾರದು ಎಂದು ನೀವು ಒಂದು ಸೂಚನೆ ಕೊಡಿಸಿ. ಹಳೇ ಪದರ ಕೆರೆದು ತೆಗೆಯದೆ ಹೊಸದು ಹಾಕಬಾರದು ಎಂಬುದೂ ಅದರಲ್ಲಿ ಇರಲಿ. ಇಲ್ಲದಿದ್ದರೆ ಪ್ರತಿ ಸಲ ರಸ್ತೆ ಏರುತ್ತದೆ, ಮನೆಗಳು ಮುಳುಗುತ್ತವೆ.

ಕೆಲಸ ಮುಗಿಸುವ ಗಡುವಿನ ಬಗ್ಗೆಯೂ ಒಂದು ಮಾತು. ಬೇಶ ಎಂಬ ತುಳು ತಿಂಗಳ ಹತ್ತನೇ ದಿನ ಪತ್ತನಾಜೆ. ಆ ದಿನಕ್ಕೆ ತುಳುನಾಡಿನಲ್ಲಿ ದೈವಗಳ ಕೋಲ, ನೇಮ ನಿಲ್ಲುತ್ತವೆ. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮೇ 24, 25ರ ಹೊತ್ತಿಗೆ ಮಳೆ ಬಾಗಿಲಿಗೆ ಬಂತು ಎಂದು ಹಿರಿಯರು ಮಾಡಿಕೊಂಡ ಲೆಕ್ಕ ಅದು. ನಮ್ಮ ರಸ್ತೆ ಕೆಲಸ ಶುರುವಾಗುವುದೇ ಆ ಹೊತ್ತಿಗೆ. ಬದಿಯ ಮಣ್ಣು ಗಟ್ಟಿಯಾಗುವ ಮೊದಲೇ ಮಳೆ ಬೀಳುತ್ತದೆ. ಕರಾವಳಿಯ ರಸ್ತೆ ಕೆಲಸಕ್ಕೆ ಪತ್ತನಾಜೆಯೇ ಕೊನೆಯ ದಿನ ಆಗಲಿ. ಅದಕ್ಕೆ ತಕ್ಕ ಹಾಗೆ ಟೆಂಡರ್ ಅಕ್ಟೋಬರಿನಲ್ಲೇ ಆಗಲಿ.

ಮಾನ್ಯರೇ, ಗುಡ್ಡೆಗಳ ಬಗ್ಗೆ ಬರೆಯುವಾಗ ಕೈ ನಡುಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ನಮ್ಮ ಊರಿನ ಬದಿಯಲ್ಲಿ ಹೋಗುವ ಇದೇ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜರಿಯಿತು. ಚಹಾದ ಅಂಗಡಿ, ಅದರಲ್ಲಿದ್ದವರು, ನಿಂತಿದ್ದ ಲಾರಿ ಎಲ್ಲ ಹೋಯಿತು. ಅದು ಬೇರೆ ಜಿಲ್ಲೆ, ಆದರೆ ಮಳೆಯೂ ಅದೇ, ಹೆದ್ದಾರಿಯೂ ಅದೇ. ನಮ್ಮ ಗುಡ್ಡೆಗಳ ಮೇಲ್ಪದರ ಮುರಕಲ್ಲು. ಅದು ಗಾಳಿಗೆ ಗಟ್ಟಿಯಾಗುತ್ತದೆ. ನೆಟ್ಟಗೆ ಗೋಡೆಯ ಹಾಗೆ ಕಡಿದರೂ ನಿಲ್ಲುತ್ತದೆ. ಆದರೆ ಅದರ ಅಡಿಯಲ್ಲಿ ಶೇಡಿ ಮಣ್ಣು ಇರುತ್ತದೆ. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಹಿಟ್ಟಿನ ಹಾಗೆ. ರಸ್ತೆಗೆಂದು ಗುಡ್ಡೆಯ ಕಾಲನ್ನು ಆಳಕ್ಕೆ ಕಡಿದಾಗ ಈ ಶೇಡಿ ಮಣ್ಣು ಹೊರಗೆ ಬರುತ್ತದೆ. ಒಂದೆರಡು ಮಳೆಗಾಲ ಏನೂ ಆಗದೆ ಇರಬಹುದು. ಆಮೇಲೆ ಒಂದು ದಿನ ಮೇಲಿನ ಮುರಕಲ್ಲು ಸಮೇತ ಕೂರುತ್ತದೆ. ಬಾವಿ ತೋಡುವ ಯಾರನ್ನು ಕೇಳಿದರೂ ಶೇಡಿ ಮಣ್ಣಿನ ಬಗ್ಗೆ ಹೇಳುತ್ತಾರೆ. ಸುರತ್ಕಲ್‌ನಲ್ಲಿ ಎನ್‌ಐಟಿಕೆ ಎಂಬ ಇಂಜಿನಿಯರಿಂಗ್ ಸಂಸ್ಥೆ ಇದೆ. ಈ ಮಣ್ಣಿನ ಮೇಲೆ ಅಲ್ಲಿ ಸಂಶೋಧನೆ ನಡೆದಿದೆ. ಜಿಲ್ಲೆಯಲ್ಲಿ ಗುಡ್ಡೆ ಕಡಿದ ಜಾಗಗಳನ್ನು ಅವರಿಂದ ಪರೀಕ್ಷೆ ಮಾಡಿಸಿ. ಮೆಟ್ಟಿಲು ಮೆಟ್ಟಿಲಾಗಿ ಕಡಿಯದೆ, ನೀರು ಇಳಿಯಲು ಮೇಲಿನಿಂದ ಚರಂಡಿ ಮಾಡದೆ ಯಾವ ಅಗಲೀಕರಣಕ್ಕೂ ಒಪ್ಪಿಗೆ ಕೊಡಬೇಡಿ.

ಇನ್ನು ಭಾರದ ವಿಷಯ. ನಮ್ಮ ಪಂಚಾಯತ್ ರಸ್ತೆಯಲ್ಲಿ ಮುರಕಲ್ಲು, ಕೆಂಪು ಮಣ್ಣು ಹೊತ್ತ ಟಿಪ್ಪರುಗಳು ದಿನಾ ಓಡುತ್ತವೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ರಸ್ತೆಗಳ ಮೇಲೆ ಲಾರಿ ಓಡಿಸಿಯೇ ಒಂದು ದೊಡ್ಡ ಪರೀಕ್ಷೆ ನಡೆದಿತ್ತು. ಒಂದು ಆಕ್ಸಲಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಹದಿನಾರು ಪಟ್ಟು ಹತ್ತಿರ ಹೋಗುತ್ತದೆ ಎಂದು ಅಲ್ಲಿ ಕಂಡುಬಂತು. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ನಾಲ್ಕು ಚಕ್ರದ ಒಂದು ಆಕ್ಸಲಿಗೆ ಇದ್ದ ಮಿತಿಯನ್ನು 10.2 ಟನ್ನಿಂದ 11.5 ಟನ್ನಿಗೆ ಏರಿಸಿತು. ನೋಡಲು ಒಂದು ಟನ್ ಚಿಲ್ಲರೆ. ಅದೇ ಲೆಕ್ಕದಲ್ಲಿ ಹಾನಿ ಒಂದೂವರೆ ಪಟ್ಟಿಗಿಂತ ಜಾಸ್ತಿ. ಅದು ಕಾನೂನಿನ ಒಳಗಿನ ಭಾರ. ಅದರ ಮೇಲೆ ರಾಶಿ ಹಾಕಿ ತುಂಬಿಸಿದರೆ ಪಂಚಾಯತಿನ ತೆಳು ರಸ್ತೆ ಏನಾಗಬೇಕು? ಕಲ್ಲುಕೋರೆಗೆ ಪರವಾನಗಿ ಕೊಡುವಾಗಲೇ ಲಾರಿ ಯಾವ ರಸ್ತೆಯಲ್ಲಿ ಹೋಗುತ್ತದೆ, ಅದಕ್ಕೆ ಆ ಶಕ್ತಿ ಇದೆಯಾ ಎಂದು ನೋಡಬಹುದು.

ಎಲ್ಲ ಭಾರವನ್ನೂ ರಸ್ತೆಯೇ ಹೊರಬೇಕು ಎಂದೇನೂ ಇಲ್ಲ. ನಮ್ಮ ಕರಾವಳಿಯೇ ಅದನ್ನು ತೋರಿಸಿದೆ. ಕುದುರೆಮುಖದ ಕಬ್ಬಿಣದ ಅದಿರು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಯುತ್ತಿತ್ತು. ಗಣಿಗಾರಿಕೆ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಆದರೆ ಅಷ್ಟು ಅದಿರು ಘಾಟಿಯಲ್ಲಿ ಲಾರಿ ಮೇಲೆ ಇಳಿಯಲಿಲ್ಲ. ಆಮೇಲೆ ಬಳ್ಳಾರಿ ಕಡೆಯ ಅದಿರು ಲಾರಿಯಲ್ಲಿ ಬಂದಾಗ ಶಿರಾಡಿ ಘಾಟಿಯ ರಸ್ತೆ ಏನಾಯಿತು ಎಂದು ಎಲ್ಲರೂ ನೋಡಿದ್ದೇವೆ. ಕೊಂಕಣ ರೈಲ್ವೆ 1999ರಿಂದ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಕೊಂಡೊಯ್ಯುತ್ತಿದೆ. ಸುರತ್ಕಲ್‌ನಲ್ಲಿ ಹತ್ತಿದ ಲಾರಿ ಮಹಾರಾಷ್ಟ್ರದ ಕೋಲಾಡದಲ್ಲಿ ಇಳಿಯುತ್ತದೆ. ಉಡುಪಿಯ ಇಂದ್ರಾಳಿ ರೈಲ್ವೆ ಸ್ಟೇಷನ್‌ನಲ್ಲಿ ನಿಂತಾಗ ಆ ರೈಲು ಹೋಗುವುದನ್ನು ನೋಡಿ ನನಗೆ ಪ್ರತಿ ಸಲ ಸಮಾಧಾನ ಆಗುತ್ತದೆ. ಅಷ್ಟು ಲಾರಿ ನಮ್ಮ ಹೆದ್ದಾರಿಯಲ್ಲಿ ಇಲ್ಲವಲ್ಲ.

ಈಗ ನಡೆಯುವವರ ಮಾತು. ಹೆದ್ದಾರಿ ಚತುಷ್ಪಥ ಆದ ಮೇಲೆ ನನ್ನ ಪ್ರಯಾಣ ಎಂಟು ನಿಮಿಷ ಕಡಿಮೆ ಆಯಿತು. ಅದಕ್ಕೆ ಕೃತಜ್ಞತೆ ಇದೆ. ಆದರೆ ಉಡುಪಿಯಿಂದ ವಾಪಸ್ ಬರುವಾಗ ಬಸ್ಸು ಆಚೆ ಬದಿಯಲ್ಲಿ ಇಳಿಸುತ್ತದೆ. ನಮ್ಮ ಊರಿನ ರಸ್ತೆ ಈಚೆ ಬದಿಯಲ್ಲಿ. ಡಿವೈಡರ್ ಬಿಟ್ಟ ಜಾಗ ಅರ್ಧ ಕಿಲೋಮೀಟರ್ ದೂರ. ಅಲ್ಲಿಯವರೆಗೆ ಹೋಗಿ ಬರಲು ಕಾಲುದಾರಿ ಇಲ್ಲ, ಸರ್ವಿಸ್ ರೋಡ್ ಇಲ್ಲ, ದೀಪ ಇಲ್ಲ. ಹಾಗಾಗಿ ಎಲ್ಲರೂ ಡಿವೈಡರ್ ಹತ್ತಿ ದಾಟುತ್ತಾರೆ. ಸೀರೆ ಉಟ್ಟವರು, ಶಾಲೆಯ ಮಕ್ಕಳು, ಬೀಡಿ ಕಟ್ಟಿ ಕೊಟ್ಟು ಬರುವ ಅಕ್ಕಂದಿರು, ಎಲ್ಲರೂ. ಕಳೆದ ವರ್ಷ ಪಕ್ಕದ ಮನೆಯ ಅಕ್ಕ ಹೀಗೆ ದಾಟುವಾಗ ಬೈಕ್ ಬಡಿದು ಕಾಲು ಮುರಿಯಿತು. "ಅಲ್ಲಿ ದಾಟಬಾರದಿತ್ತು" ಎಂದು ಎಲ್ಲರೂ ಅವರಿಗೇ ಹೇಳಿದರು. ಎಲ್ಲಿ ದಾಟಬೇಕಿತ್ತು ಎಂದು ಯಾರೂ ಹೇಳಲಿಲ್ಲ.

ಪೇಟೆಯಲ್ಲಿ ಕಾಲುದಾರಿ ಎಂದರೆ ಚರಂಡಿಯ ಮೇಲಿನ ಚಪ್ಪಡಿ. ಒಂದು ಮೇಲೆ, ಒಂದು ಕೆಳಗೆ, ನಡುವೆ ಒಂದು ಇಲ್ಲವೇ ಇಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಪ್ರಕಾರ ಕಾಲುದಾರಿಯಲ್ಲಿ ಅಡೆತಡೆ ಇಲ್ಲದ 1.8 ಮೀಟರ್ ಅಗಲ ಬೇಕು, ಎತ್ತರ 15 ಸೆಂಟಿಮೀಟರ್ ಮೀರಬಾರದು. ಮಾವನ ಜೊತೆ ಆಸ್ಪತ್ರೆಗೆ ಹೋಗುವಾಗ ಆ 15 ಸೆಂಟಿಮೀಟರಿನ ಬೆಲೆ ನನಗೆ ಗೊತ್ತಾಗಿದೆ. ಅದಕ್ಕಿಂತ ಎತ್ತರ ಇದ್ದರೆ ಅವರು ಹತ್ತುವುದಿಲ್ಲ, ರಸ್ತೆಗೇ ಇಳಿಯುತ್ತಾರೆ. 2019ರಲ್ಲಿ ತಿದ್ದುಪಡಿ ಆದ ಮೋಟಾರು ವಾಹನ ಕಾಯ್ದೆಯ 198ಎ ಸೆಕ್ಷನ್ ಇದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಯಮ ಪಾಲಿಸದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಹೊಣೆ ಇದ್ದವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ದಂಡ ಹಾಕಿಸುವುದು ನನ್ನ ಆಸೆ ಅಲ್ಲ. ರಸ್ತೆ ಸುರಕ್ಷತಾ ಸಮಿತಿ ಒಂದು ಸಂಜೆ ಹೆದ್ದಾರಿಯ ಪ್ರತಿ ಬಸ್ ಸ್ಟಾಪಿನಲ್ಲಿ ಇಳಿದು, ಅಲ್ಲಿಂದ ಊರಿನ ಕಡೆ ನಡೆದು ನೋಡಲಿ. ಎಲ್ಲಿ ಅಂಡರ್‌ಪಾಸ್ ಬೇಕು, ಎಲ್ಲಿ ಬರೀ ದೀಪ ಮತ್ತು ವೇಗ ತಡೆ ಸಾಕು ಎಂದು ಆಗ ಗೊತ್ತಾಗುತ್ತದೆ. ಬೈಂದೂರು ಕಡೆ ಮಕ್ಕಳು ಇವತ್ತಿಗೂ ಮಳೆಯಲ್ಲಿ ಕಾಲುಸಂಕ ದಾಟಿ ಶಾಲೆಗೆ ಹೋಗುವ ಜಾಗಗಳಿವೆ. ಒಂದು ಗಟ್ಟಿ ಕಾಲುಸಂಕವೂ ರಸ್ತೆಯೇ ಎಂದು ಬಜೆಟ್ ಮಾಡುವವರು ಎಣಿಸಬೇಕು.

ಕೊನೆಯದು ಬಸ್ಸು. ಇದರ ಬಗ್ಗೆ ನನಗೆ ಅಭಿಮಾನ ಇದೆ. ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡು ಜಿಲ್ಲೆಗಳನ್ನು ಓದಿಸಿದ್ದೇ ಖಾಸಗಿ ಬಸ್ಸುಗಳು. ಸರ್ಕಾರಿ ಬಸ್ಸು ಬರುವ ಎಷ್ಟೋ ಮೊದಲೇ ಅವು ನಮ್ಮ ಹಳ್ಳಿಗೆ ಬಂದಿದ್ದವು. ನಾನು ಬಸುರಿ ಇದ್ದಾಗ ಕಂಡಕ್ಟರ್ ದಿನಾ ಎದುರಿನ ಸೀಟ್ ಬಿಡಿಸಿ ಕೊಡುತ್ತಿದ್ದರು. ಆ ಬಸ್ಸುಗಳು ಈಗ ಕಡಿಮೆ ಆಗುತ್ತಿವೆ. ಕೊರೊನಾ ಸಮಯದಲ್ಲಿ ನಮ್ಮ ಊರಿನ ಎರಡು ಟ್ರಿಪ್ ನಿಂತವು, ಮತ್ತೆ ಬರಲೇ ಇಲ್ಲ. ಸಂಜೆ ಏಳೂವರೆಯ ನಂತರ ಬಸ್ಸಿಲ್ಲ. ಹಾಗಾಗಿ ಅಂಗಡಿಯಲ್ಲಿ ನನ್ನ ಜೊತೆಗಿದ್ದ ಮೂವರು ಹುಡುಗಿಯರು ಸಾಲ ಮಾಡಿ ಸ್ಕೂಟರ್ ತೆಗೆದರು. ಬಸ್ಸಿನಲ್ಲಿ ಜನ ಕಡಿಮೆ ಆದರೆ ಟ್ರಿಪ್ ಕಡಿಮೆ ಆಗುತ್ತದೆ. ಟ್ರಿಪ್ ಕಡಿಮೆ ಆದರೆ ಇನ್ನಷ್ಟು ಜನ ಸ್ಕೂಟರ್ ತೆಗೆಯುತ್ತಾರೆ. ಆಮೇಲೆ ರಸ್ತೆ ಸಾಲುವುದಿಲ್ಲ ಎಂದು ಅಗಲ ಮಾಡುತ್ತೇವೆ, ಅದಕ್ಕೆ ಮತ್ತೆ ಮರ ಕಡಿಯುತ್ತೇವೆ, ಮತ್ತೆ ಗುಡ್ಡೆ ಅಗೆಯುತ್ತೇವೆ. ಒಂದು ಬಸ್ಸಿನಲ್ಲಿ ಐವತ್ತು ಜನ ಕೂರುತ್ತಾರೆ. ಆ ಐವತ್ತು ಜನ ಐವತ್ತು ವಾಹನದಲ್ಲಿ ಬಂದರೆ ಕಲ್ಸಂಕ ಎಷ್ಟು ಅಗಲ ಇದ್ದರೆ ಸಾಕು? ವಾಹನಕ್ಕಲ್ಲ, ಜನರಿಗೆ ರಸ್ತೆಯಲ್ಲಿ ಜಾಗ ಕೊಡಬೇಕು ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ಹೇಳಿದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಒಳ್ಳೆಯ ಯೋಜನೆ. ಆದರೆ ನಮ್ಮ ಒಳರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ರಾಜ್ಯದ ಬೇರೆ ಕಡೆಯ ಹೆಂಗಸರಿಗೆ ಸಿಕ್ಕಿದ್ದು ನಮಗೆ ಅಷ್ಟು ಸಿಕ್ಕಿಲ್ಲ. ನಮ್ಮ ಒಳರಸ್ತೆಗಳಿಗೆ ಸರ್ಕಾರಿ ಬಸ್ಸು ಹೆಚ್ಚಿಸಬೇಕು, ಇಲ್ಲವೇ ಖಾಸಗಿ ಬಸ್ಸಿನಲ್ಲಿ ಓಡಾಡುವ ಮಹಿಳೆಯರ ಟಿಕೆಟ್ ಹಣವನ್ನು ಸರ್ಕಾರ ಕೊಡಬೇಕು ಎಂದು ನೀವು ಸರ್ಕಾರಕ್ಕೆ ಬರೆಯಬಹುದು. ನಿಮ್ಮ ಕೈಯಲ್ಲೇ ಇರುವುದೂ ಒಂದಿದೆ. ಪರ್ಮಿಟ್‌ನಲ್ಲಿ ಬರೆದ ಟ್ರಿಪ್ ಎಷ್ಟು, ನಿಜವಾಗಿ ಓಡುತ್ತಿರುವುದು ಎಷ್ಟು ಎಂದು ಪ್ರಾಧಿಕಾರದಲ್ಲಿ ಒಮ್ಮೆ ತಾಳೆ ಹಾಕಿಸಿ. ಆ ಪಟ್ಟಿಯನ್ನು ಪ್ರತಿ ಪಂಚಾಯತಿನ ಗೋಡೆಗೆ ಅಂಟಿಸಿ. ನಿಂತ ಟ್ರಿಪ್‌ಗಳನ್ನು ಓಡಿಸುವವರಿಗೆ ಕೊಡಿ. ಎರಡು ಬಸ್ಸಿನ ನಡುವೆ ಎರಡು ನಿಮಿಷದ ಟೈಮಿಂಗ್ ಕೊಟ್ಟರೆ ಅವು ಪೈಪೋಟಿಯಲ್ಲಿ ಓಡುತ್ತವೆ. ಅದೇ ಬಸ್ಸನ್ನು ರಾತ್ರಿ ಎಂಟೂವರೆಗೆ ಹಾಕಿದರೆ ನಮ್ಮಂಥವರು ಮನೆ ಸೇರುತ್ತೇವೆ.

ಒಂದು ಸಣ್ಣ ಕೋರಿಕೆ ಉಳಿದಿದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಮಾಡಿದ ಗುತ್ತಿಗೆದಾರರೇ ಐದು ವರ್ಷ ಅದನ್ನು ನೋಡಿಕೊಳ್ಳಬೇಕು. ಅಲ್ಲಿ ಬೋರ್ಡ್ ಕೂಡ ಇರುತ್ತದೆ. ಎಲ್ಲ ರಸ್ತೆಗೂ ಹಾಗೇ ಆಗಲಿ. ಬೋರ್ಡಿನಲ್ಲಿ ಉದ್ದ, ಖರ್ಚಿನ ಜೊತೆ ಮೋರಿ ಎಷ್ಟು ಎಂದೂ ಬರೆಸಿ. ಆಗ ನನ್ನ ಮಾವನಂಥವರು ಕೆಲಸ ಶುರುವಾಗುವ ಮೊದಲೇ ಎಣಿಸಿ ಹೇಳಬಲ್ಲರು.

ಈ ಮಳೆಗಾಲದಲ್ಲಿ ಒಂದು ದಿನ ನಮ್ಮ ಊರಿಗೆ ಬನ್ನಿ ಎಂದು ಮಾವ ಹೇಳಿ ಬರೆಸುತ್ತಿದ್ದಾರೆ. ಆಟಿಯಲ್ಲಿ, ಜೋರು ಮಳೆ ಇರುವ ದಿನವೇ ಆಗಬೇಕಂತೆ. ಮುಚ್ಚಿದ ಮೋರಿ ಎಲ್ಲಿತ್ತು ಎಂದು ಅವರು ತೋರಿಸುತ್ತಾರೆ. ಹಲಸಿನ ಮರ ಇನ್ನೂ ಅಲ್ಲೇ ಇದೆ.

ಇತಿ ತಮ್ಮ ವಿಶ್ವಾಸಿ,
ಕಟಪಾಡಿ–ಉಡುಪಿ ಬಸ್ಸಿನ ನಿತ್ಯ ಪ್ರಯಾಣಿಕಳು